ವಿಟಮಿನ್ ‘ಸಿ’ ಮತ್ತು ಲಯ ತಪ್ಪುವ ಹೃದಯ: ಉತ್ತರ ಹುಡುಕಬೇಕಾದದ್ದು ನಮ್ಮ ವಾರ್ಡುಗಳಲ್ಲೇ

ಖಾನಾಪುರ ತಾಲ್ಲೂಕಿನ ಹಲಸಿ ಒಂದು ಕಾಲಕ್ಕೆ ಕದಂಬರ ಎರಡನೆಯ ರಾಜಧಾನಿ. ಶಾಸನಗಳಲ್ಲಿ ಕಾಣುವ ‘ಪಲಾಶಿಕಾ’. ಇಂದು ಭೂವರಾಹ ನರಸಿಂಹ ದೇಗುಲ ನೋಡಲು ಬರುವ ಪ್ರವಾಸಿಗರನ್ನು ಬಿಟ್ಟರೆ ಹೊರಗಿನ ಗದ್ದಲ ಅಷ್ಟಾಗಿ ತಟ್ಟದ ಕೃಷಿಕರ ಊರು. ಇಲ್ಲಿಯ ಹಿರಿಯರೊಬ್ಬರ ಹೃದಯದ ರಕ್ತನಾಳ ಕಟ್ಟಿಕೊಂಡರೆ ಅಥವಾ ಕವಾಟ ಕೆಟ್ಟರೆ, ಹತ್ತಿರದ ದೊಡ್ಡ ಆಸರೆ ಸುಮಾರು 40 ಕಿಲೊಮೀಟರ್ ದೂರದ ಬೆಳಗಾವಿ. ಮನೆಮಂದಿ ಹಣ ಹೊಂದಿಸಿ, ಆರೋಗ್ಯ ಕಾರ್ಡು ಹುಡುಕಿ, ದೇವರಿಗೆ ಹರಕೆ ಹೊತ್ತು ರೋಗಿಯನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು ಎಂಬ ಮಾತು ಕಿವಿಗೆ ಬಿದ್ದಾಗ ಅರ್ಧ ಭಾರ ಇಳಿದಂತಾಗುತ್ತದೆ.

ಆದರೆ ಎರಡನೆಯ ಅಥವಾ ಮೂರನೆಯ ದಿನ ಇನ್ನೊಂದು ಸುದ್ದಿ ಬರುವ ಸಾಧ್ಯತೆ ಸಣ್ಣದೇನಲ್ಲ. ಹೃದಯದ ಬಡಿತ ಲಯ ತಪ್ಪಿದೆ, ಇನ್ನೂ ಕೆಲವು ದಿನ ತೀವ್ರ ನಿಗಾ ಘಟಕದಲ್ಲೇ ಇರಬೇಕಾಗುತ್ತದೆ ಎಂಬ ಸುದ್ದಿ. ವೈದ್ಯರು ಇದನ್ನು ‘ಏಟ್ರಿಯಲ್ ಫಿಬ್ರಿಲೇಷನ್’ ಎನ್ನುತ್ತಾರೆ, ಚುಟುಕಾಗಿ ‘ಎಎಫ್’. ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸುವುದನ್ನು ಬಿಟ್ಟು ಅಡ್ಡಾದಿಡ್ಡಿಯಾಗಿ ಕಂಪಿಸತೊಡಗುವ ಸ್ಥಿತಿ ಇದು. ನಾಡಿ ಹಿಡಿದರೆ ಬಡಿತಕ್ಕೆ ಹದವೂ ಇರುವುದಿಲ್ಲ, ಅಂತರವೂ ಇರುವುದಿಲ್ಲ.

ಈ ತೊಂದರೆಯನ್ನು ತಡೆಯಲು ಯಾವುದೇ ಔಷಧ ಅಂಗಡಿಯಲ್ಲಿ ಸಿಗುವ ಅಗ್ಗದ ವಿಟಮಿನ್ ‘ಸಿ’ ಮಾತ್ರೆ ನೆರವಾಗಬಹುದೇ? ಕಾಲು ಶತಮಾನದಿಂದ ಹಲವು ದೇಶಗಳ ವೈದ್ಯರು ಈ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ. ಸಿಕ್ಕಿರುವ ಉತ್ತರ ಮಾತ್ರ ದೇಶಕ್ಕೊಂದು ಬಗೆಯಾಗಿದೆ. ಅಮೆರಿಕದಲ್ಲಿ ‘ಇಲ್ಲ’, ಇರಾನಿನಂಥ ದೇಶಗಳಲ್ಲಿ ‘ಹೌದು’. ಈ ಎರಡರಲ್ಲಿ ಕರ್ನಾಟಕದ ರೋಗಿಗೆ ಅನ್ವಯಿಸುವುದು ಯಾವುದು ಎಂಬುದೇ ಈಗ ಚರ್ಚೆಯಾಗಬೇಕಾದ ಸಂಗತಿ.

ಸಣ್ಣ ತೊಡಕಲ್ಲ

ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ ಪ್ರತಿ ಹತ್ತು ಜನರಲ್ಲಿ ಸುಮಾರು ಮೂವರಿಗೆ ಎಎಫ್ ಕಾಣಿಸಿಕೊಳ್ಳುತ್ತದೆ. ಕವಾಟದ ಶಸ್ತ್ರಚಿಕಿತ್ಸೆಯಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಎರಡನ್ನೂ ಒಟ್ಟಿಗೆ ಮಾಡಿದಾಗ ಮತ್ತಷ್ಟು ಹೆಚ್ಚು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗಿನ ಅವಧಿ ಇದಕ್ಕೆ ಪ್ರಶಸ್ತ ಕಾಲ. ಬಹುಪಾಲು ರೋಗಿಗಳಲ್ಲಿ ಕೆಲವು ದಿನಗಳಲ್ಲಿ ಇಲ್ಲವೇ ಕೆಲವು ವಾರಗಳಲ್ಲಿ ಲಯ ತಾನಾಗಿ ಸರಿಹೋಗುವುದು ನಿಜ. ಹಾಗೆಂದು ಇದನ್ನು ಹಗುರವಾಗಿ ಕಾಣುವಂತಿಲ್ಲ. ಹೃತ್ಕರ್ಣ ಸರಿಯಾಗಿ ಸಂಕುಚಿಸದಿದ್ದಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ರಕ್ತದ ಒತ್ತಡ ಕುಸಿದು ಮೂತ್ರಪಿಂಡಗಳಿಗೆ ಪೆಟ್ಟು ಬೀಳುವುದೂ ಉಂಟು.

ಹಣದ ಲೆಕ್ಕವೂ ಇದೆ. ಸರ್ಕಾರದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆ 2018ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು, 2003ರಲ್ಲಿ, ಸಹಕಾರಿ ರೈತರಿಗಾಗಿ ಆರಂಭವಾದ ‘ಯಶಸ್ವಿನಿ’ ಹಳ್ಳಿಯ ರೋಗಿಗೂ ಹೃದಯ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆದಿತ್ತು. ಇಂಥ ಯೋಜನೆಗಳು ಚಿಕಿತ್ಸೆಗೆ ಇಂತಿಷ್ಟು ಎಂದು ಮೊತ್ತ ನಿಗದಿ ಮಾಡುತ್ತವೆ. ರೋಗಿ ನಿಗಾ ಘಟಕದಲ್ಲಿ ಉಳಿಯುವ ಪ್ರತಿಯೊಂದು ಹೆಚ್ಚುವರಿ ದಿನದ ಭಾರ ಆಸ್ಪತ್ರೆಯ ಮೇಲೋ, ಸರ್ಕಾರದ ಮೇಲೋ, ಕೊನೆಗೆ ರೋಗಿಯ ಮನೆಯವರ ಮೇಲೋ ಬಿದ್ದೇ ಬೀಳುತ್ತದೆ. ಹೊರಗೆ ಕಾಯುತ್ತ ಕುಳಿತ ಮಗನ ಕೂಲಿ, ಊರಲ್ಲಿ ನಿಂತುಹೋದ ಕೆಲಸ ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ. ಹಾಸಿಗೆ ಖಾಲಿಯಾಗದೆ ಮುಂದಿನ ರೋಗಿಯ ಸರದಿಯೂ ಮುಂದಕ್ಕೆ ಹೋಗುತ್ತದೆ.

ಆಸೆ ಹುಟ್ಟಿದ ಬಗೆ

ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಹೃದಯಕ್ಕೆ ರಕ್ತದ ಹರಿವು ಕೆಲಕಾಲ ತಗ್ಗುತ್ತದೆ, ಬಳಿಕ ಮತ್ತೆ ಆರಂಭವಾಗುತ್ತದೆ. ಹೀಗೆ ರಕ್ತ ಮರಳಿ ನುಗ್ಗುವಾಗ ಆಮ್ಲಜನಕದ ಅತಿ ಚುರುಕಾದ ಕಣಗಳು ದೊಡ್ಡ ಪ್ರಮಾಣದಲ್ಲಿ ಹುಟ್ಟಿ ಹೃದಯದ ಜೀವಕೋಶಗಳಿಗೆ ಹಾನಿ ಮಾಡುತ್ತವೆ. ಹೃತ್ಕರ್ಣದ ವಿದ್ಯುತ್ ಸಂಕೇತಗಳು ಅಸ್ತವ್ಯಸ್ತಗೊಳ್ಳಲು ಇದೂ ಒಂದು ಕಾರಣ ಎಂಬುದು ತಜ್ಞರ ಊಹೆ. ವಿಟಮಿನ್ ‘ಸಿ’ ಈ ಕಣಗಳನ್ನು ತಣಿಸಬಲ್ಲದು. ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಈ ವಿಟಮಿನ್ನಿನ ಮಟ್ಟ ಇಳಿಯುತ್ತದೆ ಎಂಬುದೂ ಗೊತ್ತಿದೆ. ಇಳಿದದ್ದನ್ನು ತುಂಬಿಕೊಟ್ಟರೆ ಲಯ ತಪ್ಪುವುದನ್ನು ತಡೆಯಬಹುದಲ್ಲವೇ ಎಂಬ ತರ್ಕ ಹುಟ್ಟಿದ್ದು ಹೀಗೆ.

2001ರಲ್ಲಿ ಅಮೆರಿಕದ ಸಂಶೋಧಕರು ಈ ದಿಕ್ಕಿನಲ್ಲಿ ಮೊದಲ ಭರವಸೆಯ ಫಲಿತಾಂಶ ಪ್ರಕಟಿಸಿದರು. ಬೈಪಾಸ್‌ಗೆ ಒಳಗಾದ 43 ರೋಗಿಗಳಿಗೆ ಹಿಂದಿನ ರಾತ್ರಿ 2 ಗ್ರಾಂ, ನಂತರ ಐದು ದಿನ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ವಿಟಮಿನ್ ‘ಸಿ’ ನೀಡಲಾಯಿತು. ಅವರಲ್ಲಿ ಶೇ 16.3ರಷ್ಟು ಜನರಿಗೆ ಎಎಫ್ ಬಂತು. ವಿಟಮಿನ್ ಪಡೆಯದ, ವಯಸ್ಸು ಮತ್ತಿತರ ಅಂಶಗಳಲ್ಲಿ ಹೋಲಿಕೆಯಿದ್ದ 43 ಜನರಲ್ಲಿ ಶೇ 34.9ರಷ್ಟು. ಅರ್ಧಕ್ಕಿಂತ ಕಡಿಮೆ. ಆದರೆ ಶೇಕಡಾವಾರು ಲೆಕ್ಕವನ್ನು ಬದಿಗಿಟ್ಟು ತಲೆ ಎಣಿಸಿದರೆ ಇದು 7 ಮತ್ತು 15 ರೋಗಿಗಳ ನಡುವಿನ ವ್ಯತ್ಯಾಸ. ಯಾರಿಗೆ ಮಾತ್ರೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ ಪ್ರಯೋಗವೂ ಇದಾಗಿರಲಿಲ್ಲ.

2007ರಲ್ಲಿ ಟೆಹರಾನಿನ ವೈದ್ಯರು ಇನ್ನೂ ಅಚ್ಚರಿಯ ಅಂಕಿ ಮುಂದಿಟ್ಟರು. 100 ಬೈಪಾಸ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ರೂಢಿಯ ಬೀಟಾ ಬ್ಲಾಕರ್ ಔಷಧದ ಜೊತೆಗೆ ವಿಟಮಿನ್ ‘ಸಿ’, ಉಳಿದವರಿಗೆ ಬೀಟಾ ಬ್ಲಾಕರ್ ಮಾತ್ರ. ಮೊದಲ ಗುಂಪಿನಲ್ಲಿ ಎಎಫ್ ಶೇ 4, ಎರಡನೆಯ ಗುಂಪಿನಲ್ಲಿ ಶೇ 26. 2012ರಲ್ಲಿ ಅಮೆರಿಕದಿಂದ ಬಂದ ಫಲಿತಾಂಶ ಈ ಉತ್ಸಾಹಕ್ಕೆ ತಣ್ಣೀರು ಎರಚಿತು. 185 ರೋಗಿಗಳ ಆ ಪ್ರಯೋಗದಲ್ಲಿ ವಿಟಮಿನ್ ಪಡೆದವರಲ್ಲಿ ಎಎಫ್ ಶೇ 30.3, ಹುಸಿ ಮಾತ್ರೆ ಪಡೆದವರಲ್ಲಿ ಶೇ 30.2. ಕೂದಲೆಳೆಯ ವ್ಯತ್ಯಾಸವೂ ಇಲ್ಲ.

2017ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ಅದುವರೆಗಿನ 15 ಪ್ರಯೋಗಗಳನ್ನು, ಒಟ್ಟು 2,050 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಆಗ ಚಿತ್ರ ಸ್ಪಷ್ಟವಾಗಿ ಎರಡಾಗಿ ಸೀಳಿತು. ಅಮೆರಿಕದ ಐದು ಪ್ರಯೋಗಗಳಲ್ಲಿ ಯಾವ ಪ್ರಯೋಜನವೂ ಇಲ್ಲ. ಇರಾನ್, ಗ್ರೀಸ್ ಮೊದಲಾದ ದೇಶಗಳ ಹೃದಯ ಶಸ್ತ್ರಚಿಕಿತ್ಸೆಯ ಒಂಬತ್ತು ಪ್ರಯೋಗಗಳಲ್ಲಿ ಎಎಫ್ ಶೇ 44ರಷ್ಟು ಕಡಿಮೆ. ಈ ದೇಶಗಳಲ್ಲಿ ರೋಗಿಗಳು ಆಸ್ಪತ್ರೆಯಲ್ಲಿ ಕಳೆದ ಅವಧಿಯೂ ಸುಮಾರು ಎಂಟನೇ ಒಂದರಷ್ಟು ಕುಗ್ಗಿತ್ತು.

ಎರಡು ವಿವರಣೆ

ಮಾತ್ರೆ ಒಂದೇ, ರೋಗ ಒಂದೇ. ಫಲ ಮಾತ್ರ ಬೇರೆ ಏಕೆ? ಎರಡು ವಿವರಣೆಗಳು ಸಾಧ್ಯ. ಇವೆರಡರ ಪೈಕಿ ಯಾವುದು ಸರಿ ಎಂಬುದರ ಮೇಲೆ ನಮ್ಮ ರೋಗಿಗಳ ಹಿತ ನಿಂತಿದೆ.

ಮೊದಲನೆಯದು ಪೌಷ್ಟಿಕತೆಯ ವಿವರಣೆ. ತುಂಬಿದ ಕೊಡಕ್ಕೆ ಎಷ್ಟು ನೀರು ಸುರಿದರೂ ಚೆಲ್ಲಿಯೇ ಹೋಗುತ್ತದೆ. ದೇಹದಲ್ಲಿ ವಿಟಮಿನ್ ‘ಸಿ’ ಸಾಕಷ್ಟಿರುವವರಿಗೆ ಇನ್ನಷ್ಟು ಕೊಟ್ಟರೆ ಲಾಭವಾಗದಿರುವುದು ಸಹಜ. ಕೊರತೆಯಿರುವವರಿಗೆ ಕೊಟ್ಟರೆ ಲಾಭವಾಗಬಹುದು. ಅಮೆರಿಕದಲ್ಲಿ 2003–04ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ಕೊರತೆ ಇದ್ದವರು ಶೇ 7ರಷ್ಟು. ಭಾರತದ ಸ್ಥಿತಿ ಹಾಗಿಲ್ಲ. ಉತ್ತರ ಮತ್ತು ದಕ್ಷಿಣ ಭಾರತದ ಎರಡು ಪ್ರದೇಶಗಳಲ್ಲಿ 60 ವರ್ಷ ದಾಟಿದ 5,600ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿ ಗಾಬರಿ ಹುಟ್ಟಿಸುವಂತಿದೆ. ಉತ್ತರದಲ್ಲಿ ಶೇ 73.9, ದಕ್ಷಿಣದಲ್ಲಿ ಶೇ 45.7ರಷ್ಟು ಹಿರಿಯರಲ್ಲಿ ವಿಟಮಿನ್ ‘ಸಿ’ ಕೊರತೆ. ಅಮೆರಿಕದ ಸಮೀಕ್ಷೆ ಎಲ್ಲ ವಯಸ್ಸಿನವರನ್ನೂ ಒಳಗೊಂಡಿತ್ತು, ನಮ್ಮದು ಹಿರಿಯರನ್ನು ಮಾತ್ರ ಎಂಬುದನ್ನು ಮರೆಯುವಂತಿಲ್ಲ. ಆದರೂ ಅಂತರ ಕಣ್ಣಿಗೆ ರಾಚುವಷ್ಟಿದೆ.

ಆ ಅಧ್ಯಯನದಲ್ಲಿ ಕೊರತೆ ಹೆಚ್ಚಾಗಿ ಕಂಡುಬಂದದ್ದು ಯಾರಲ್ಲಿ ಎಂಬುದು ಇನ್ನೂ ಮುಖ್ಯ. ವಯಸ್ಸು ಹೆಚ್ಚಾದವರು, ಬಡವರು, ಗಂಡಸರು, ತಂಬಾಕು ಸೇವಿಸುವವರು, ಸೌದೆ–ಸಗಣಿ ಉರಿಸಿ ಅಡುಗೆ ಮಾಡುವ ಮನೆಯವರು, ಮೈಯಲ್ಲಿ ಸತ್ವವಿಲ್ಲದೆ ಸೊರಗಿದವರು. ಬೆಳಗಾವಿ ಜಿಲ್ಲೆಗೆ ಈ ಪಟ್ಟಿ ಪರಕೀಯವಲ್ಲ. ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಸೌದೆ ಒಲೆ ಹೊಸದಲ್ಲ. ವಿಪರ್ಯಾಸವೆಂದರೆ, ಇದೇ ಸೀಮೆಯ ಕಾಡಿನಲ್ಲಿ ವಿಟಮಿನ್ ‘ಸಿ’ಯ ಭಂಡಾರವಾದ ಬೆಟ್ಟದ ನೆಲ್ಲಿ ಬೆಳೆಯುತ್ತದೆ, ಹಿತ್ತಿಲಲ್ಲಿ ಪೇರಲೆ ಬಿಡುತ್ತದೆ. ಆದರೆ ಹಣ್ಣು ಋತುವಿಗೆ ಬಂದು ಹೋಗುವಂಥದ್ದು. ದಿನನಿತ್ಯದ ಊಟ ಅನ್ನ ಮತ್ತು ಬೇಯಿಸಿದ ಸಾರು. ಬೇಯಿಸಿದಾಗ ಈ ವಿಟಮಿನ್ ಬಹುಮಟ್ಟಿಗೆ ನಾಶವಾಗುತ್ತದೆ.

ಎರಡನೆಯದು ಇಷ್ಟು ಆಕರ್ಷಕವಲ್ಲದ, ಆದರೆ ಅಷ್ಟೇ ಬಲವಾದ ವಿವರಣೆ: ಸಣ್ಣ ಪ್ರಯೋಗಗಳ ಭ್ರಮೆ. ಟೆಹರಾನಿನ ಶೇ 4 ಎಂದರೆ 50ರಲ್ಲಿ ಇಬ್ಬರು. ಶೇ 26 ಎಂದರೆ 13 ಜನ. ನಾಲ್ಕಾರು ರೋಗಿಗಳು ಆಕಸ್ಮಿಕವಾಗಿ ಅತ್ತಿತ್ತ ಸರಿದರೂ ತೀರ್ಮಾನವೇ ಬದಲಾಗುತ್ತದೆ. ಒಳ್ಳೆಯ ಫಲಿತಾಂಶ ಬಂದ ಸಣ್ಣ ಪ್ರಯೋಗ ಬೇಗನೆ ಅಚ್ಚಾಗುತ್ತದೆ, ಫಲ ಕಾಣದ್ದು ಕಪಾಟಿನಲ್ಲೇ ಉಳಿಯುತ್ತದೆ ಎಂಬುದೂ ವೈದ್ಯಕೀಯ ಲೋಕಕ್ಕೆ ಚಿರಪರಿಚಿತ.

ಇದು ಬರೀ ಶಂಕೆಯಲ್ಲ. ಇದೇ ಎಎಫ್ ತಡೆಯುವ ಹೋರಾಟದಲ್ಲಿ ಇಂಥ ಆಸೆಗಳು ಹಿಂದೆಯೂ ಮಣ್ಣುಗೂಡಿವೆ. ಮೀನೆಣ್ಣೆ ಒಳ್ಳೆಯದೆಂದು ಕೆಲವು ಸಣ್ಣ ಪ್ರಯೋಗಗಳು ಸೂಚಿಸಿದ್ದವು. ಅಮೆರಿಕ, ಇಟಲಿ, ಅರ್ಜೆಂಟೀನಾಗಳ 1,516 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗ 2012ರಲ್ಲಿ ಹೊರಬಂದಾಗ ಎಎಫ್ ಪ್ರಮಾಣ ಶೇ 30.0 ಮತ್ತು ಶೇ 30.7, ಅಂದರೆ ಪ್ರಯೋಜನ ಶೂನ್ಯ. ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಯ ಕಥೆಯೂ ಅದೇ. ಬೀಜಿಂಗ್‌ನಲ್ಲಿ 1,922 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾದಾಗ ಎರಡೂ ಗುಂಪುಗಳಲ್ಲಿ ಎಎಫ್ ಶೇ 21ರ ಆಸುಪಾಸಿನಲ್ಲೇ ಇತ್ತು. ವಿಟಮಿನ್ ‘ಸಿ’ಗೂ ಇದೇ ಗತಿ ಕಾದಿರಬಹುದು.

ಅಗ್ಗವೆಂದು ನುಂಗುವಂತಿಲ್ಲ

ಹಾಗಿದ್ದರೆ ‘ಬಂದರೆ ಲಾಭ, ಬಾರದಿದ್ದರೆ ನಷ್ಟವೇನು’ ಎಂದು ಎಲ್ಲರಿಗೂ ಕೊಟ್ಟುಬಿಡಬಾರದೇಕೆ? ಕೋವಿಡ್ ಕಾಲದಲ್ಲಿ ಚೀಪುವ ಹುಳಿ ಮಾತ್ರೆ ನಗರ–ಹಳ್ಳಿಗಳೆನ್ನದೆ ಮನೆಮನೆ ತಲುಪಿದ್ದು ಇದೇ ತರ್ಕದಿಂದ. ಹೃದ್ರೋಗಿಗಳ ಮನೆಯವರೂ ಇಂದು ಅವರಿವರ ಮಾತು ಕೇಳಿ, ಮೊಬೈಲಿನಲ್ಲಿ ಬಂದ ಸಂದೇಶ ಓದಿ ಇಂಥ ಮಾತ್ರೆಗಳನ್ನು ಕೊಳ್ಳುತ್ತಾರೆ. ಈ ತರ್ಕಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2022ರಲ್ಲಿ. ರಕ್ತಕ್ಕೆ ಸೋಂಕು ಹರಡಿ ನಿಗಾ ಘಟಕ ಸೇರಿದ ರೋಗಿಗಳಿಗೆ ರಕ್ತನಾಳದ ಮೂಲಕ ಭಾರೀ ಪ್ರಮಾಣದ ವಿಟಮಿನ್ ‘ಸಿ’ ಕೊಟ್ಟು ನೋಡಿದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 800ಕ್ಕೂ ಹೆಚ್ಚು ಜನರಿದ್ದರು. ಸಾವು ಅಥವಾ ಅಂಗಾಂಗಗಳ ನಿರಂತರ ವೈಫಲ್ಯ ಹುಸಿ ಔಷಧ ಪಡೆದವರಲ್ಲಿ ಶೇ 38.5ರಷ್ಟಿದ್ದರೆ, ವಿಟಮಿನ್ ಪಡೆದವರಲ್ಲಿ ಶೇ 44.5ಕ್ಕೆ ಏರಿತ್ತು. ನಿರುಪದ್ರವಿ ಎಂದು ಎಣಿಸಿದ್ದ ವಸ್ತು ಹಾನಿ ಮಾಡಿತ್ತು.

ಆ ರೋಗಿಗಳು ಬೇರೆ, ಪ್ರಮಾಣ ಬೇರೆ, ನಿಜ. ಆದರೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದ ದಿನದ ಅಗತ್ಯ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ. ಹೃದಯ ಶಸ್ತ್ರಚಿಕಿತ್ಸೆಯ ಪ್ರಯೋಗಗಳಲ್ಲಿ ಬಳಸಿದ್ದು ಸಾಮಾನ್ಯವಾಗಿ 1ರಿಂದ 2 ಗ್ರಾಂ, ಅಂದರೆ ಹತ್ತಿಪ್ಪತ್ತು ಪಟ್ಟು. ಇಷ್ಟು ಪ್ರಮಾಣದಲ್ಲಿ ಅದು ಆಹಾರವಲ್ಲ, ಔಷಧ. ಮೂತ್ರಪಿಂಡದ ತೊಂದರೆ ಇದ್ದವರಲ್ಲಿ ಹೆಚ್ಚಿನ ವಿಟಮಿನ್ ‘ಸಿ’ ಆಕ್ಸಲೇಟ್ ಹರಳುಗಳಾಗಿ ಮಾರ್ಪಟ್ಟು ಕಲ್ಲು ಕಟ್ಟಬಹುದು, ಮೂತ್ರಪಿಂಡವನ್ನೇ ಕೆಡಿಸಬಹುದು. ‘ಜಿ6ಪಿಡಿ’ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ಭಾರೀ ಪ್ರಮಾಣದಲ್ಲಿ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ರಕ್ತನಾಳದ ಮೂಲಕ ಹೆಚ್ಚು ಕೊಟ್ಟಾಗ ಬೆರಳು ಚುಚ್ಚಿ ಸಕ್ಕರೆ ಅಳೆಯುವ ಕೆಲವು ಉಪಕರಣಗಳು ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸುತ್ತವೆ; ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಅಪಾಯ. ಬೈಪಾಸ್ ರೋಗಿಗಳಲ್ಲಿ ಮಧುಮೇಹಿಗಳ ಸಂಖ್ಯೆ ಎಷ್ಟೆಂಬುದು ಎಲ್ಲರಿಗೂ ತಿಳಿದದ್ದೇ.

ಇನ್ನೊಂದೆಡೆ, ಎಎಫ್ ತಡೆಯಲು ಸಾಕ್ಷ್ಯದ ಬಲವಿರುವ ಮಾರ್ಗಗಳು ಈಗಾಗಲೇ ಇವೆ. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಬೀಟಾ ಬ್ಲಾಕರ್ ಅಥವಾ ಅಮಿಯೊಡರೋನ್ ನೀಡುವುದು ಅಪಾಯ ಹೆಚ್ಚಿರುವ ರೋಗಿಗಳಿಗೆ ಸಮಂಜಸ ಎಂದು ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳ 2023ರ ಮಾರ್ಗಸೂಚಿ ಹೇಳುತ್ತದೆ. ಹೃದಯವನ್ನು ಸುತ್ತುವರಿದ ಪೊರೆಯ ಹಿಂಭಾಗದಲ್ಲಿ ಸಣ್ಣ ಕಿಂಡಿ ಕೊರೆದು, ಅಲ್ಲಿ ಸಂಗ್ರಹವಾಗುವ ರಕ್ತ ಮತ್ತು ದ್ರವ ಹರಿದುಹೋಗಲು ದಾರಿ ಮಾಡುವ ವಿಧಾನವನ್ನೂ ಅದು ಒಪ್ಪಿದೆ. 420 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕಿಂಡಿಯಿಂದಾಗಿ ಎಎಫ್ ಪ್ರಮಾಣ ಶೇ 32ರಿಂದ ಶೇ 17ಕ್ಕೆ ಇಳಿದಿತ್ತು. ರೋಗಿಯ ಮನೆಯವರು ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇವುಗಳ ಬಗ್ಗೆಯೇ ಹೊರತು ವಿಟಮಿನ್ ಬಗ್ಗೆ ಅಲ್ಲ.

ಪರದೇಶದ ಉತ್ತರ ಸಾಲದು

ಹಾಗಾದರೆ ವಿಟಮಿನ್ ‘ಸಿ’ ಪ್ರಶ್ನೆಯನ್ನು ಇಲ್ಲಿಗೇ ಕೈಬಿಡಬೇಕೇ? ಕೂಡದು. ಅಮೆರಿಕದ ‘ಇಲ್ಲ’ ನಮಗೂ ‘ಇಲ್ಲ’ವೇ ಆಗಿರಬೇಕೆಂದಿಲ್ಲ. ನಮ್ಮ ಹೃದ್ರೋಗದ ಚಹರೆಯೇ ಬೇರೆ. ಚಿಕ್ಕಂದಿನ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು, ನಡುಹರೆಯಕ್ಕೆ ಮುನ್ನವೇ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಹುತೇಕ ಮರೆಯಾಗಿದೆ.

ಹೊರಗಿನ ಫಲಿತಾಂಶವನ್ನು ಕಣ್ಣು ಮುಚ್ಚಿ ಒಪ್ಪಿದರೆ ಏನಾಗಬಹುದು ಎಂಬುದಕ್ಕೆ ಎಎಫ್ ಚಿಕಿತ್ಸೆಯಲ್ಲೇ ಉದಾಹರಣೆಯಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಪೀಳಿಗೆಯ ಮಾತ್ರೆಗಳು ಹಳೆಯ ವಾರ್ಫರಿನ್‌ಗಿಂತ ಅನುಕೂಲ ಎಂಬುದು ಪಾಶ್ಚಾತ್ಯ ದೇಶಗಳಲ್ಲಿ ನೆಲೆಗೊಂಡ ತಿಳಿವಳಿಕೆ. ಆದರೆ ಭಾರತವೂ ಸೇರಿದಂತೆ 24 ದೇಶಗಳಲ್ಲಿ, ರುಮ್ಯಾಟಿಕ್ ಹೃದ್ರೋಗದ ಜೊತೆಗೆ ಎಎಫ್ ಇದ್ದ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಾಗ ಗೆದ್ದದ್ದು ವಾರ್ಫರಿನ್ ವರ್ಗದ ಹಳೆಯ ಮಾತ್ರೆಯೇ. ಅದನ್ನು ಪಡೆದವರಲ್ಲಿ ಸಾವುಗಳು ಕಡಿಮೆಯಿದ್ದವು. ಪ್ರಶ್ನೆಯನ್ನು ಇಲ್ಲಿಯ ರೋಗಿಗಳ ನಡುವೆ ಕೇಳಿದ್ದರಿಂದಲೇ ಈ ಉತ್ತರ ದೊರೆಯಿತು.

ಇಂಥ ಪ್ರಶ್ನೆ ಕೇಳುವ ಪರಂಪರೆ ಬೆಳಗಾವಿಗೆ ಹೊಸದಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಆಸ್ಪತ್ರೆಗಳಲ್ಲಿ ಆಕ್ಸಿಟೋಸಿನ್ ಚುಚ್ಚುಮದ್ದು ಬಳಸುತ್ತಾರೆ. ಅದಕ್ಕೆ ತಂಪು ಪೆಟ್ಟಿಗೆ ಬೇಕು, ಚುಚ್ಚಲು ಬಲ್ಲವರು ಬೇಕು. ಹಳ್ಳಿಯ ಹೆರಿಗೆಗೆ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಸಾಕಾದೀತೇ ಎಂಬ ಪ್ರಶ್ನೆಯನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲೇ ಪರೀಕ್ಷೆಗೆ ಒಡ್ಡಿದರು. ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಈ ತಂಡದಲ್ಲಿದ್ದರು. 2002ರಿಂದ 2005ರವರೆಗೆ 1,620 ತಾಯಂದಿರು ಇದರಲ್ಲಿ ಪಾಲ್ಗೊಂಡರು. ಹೆರಿಗೆ ಮಾಡಿಸಿದ್ದು 25 ಮಂದಿ ಕಿರಿಯ ಆರೋಗ್ಯ ಸಹಾಯಕಿಯರು, ಹಳ್ಳಿಯವರ ಬಾಯಲ್ಲಿ ‘ನರ್ಸಮ್ಮ’ಂದಿರು.

ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಪ್ರತಿ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ ಎಂಬುದು ಅದರ ಸಾರ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉದ್ದೇಶಕ್ಕಾಗಿ ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗರ್ಭಿಣಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಗೆ ಮುನ್ನ ಹೆರಿಗೆಯಾಗುವುದು ತಗ್ಗುತ್ತದೆಂದು 2020ರಲ್ಲಿ ತೋರಿಸಿದ, ಆರು ದೇಶಗಳ ಸುಮಾರು 12 ಸಾವಿರ ಗರ್ಭಿಣಿಯರ ಪ್ರಯೋಗದಲ್ಲೂ ಬೆಳಗಾವಿ ಒಂದು ಕೇಂದ್ರವಾಗಿತ್ತು. ಅಗ್ಗದ ಮಾತ್ರೆಯ ದೊಡ್ಡ ಪ್ರಶ್ನೆಗೆ ಹಳ್ಳಿಯ ಅಂಗಳದಿಂದ ಉತ್ತರ ಪಡೆದ ಜಿಲ್ಲೆ ಇದು.

ಆಗಬೇಕಾದ್ದೇನು

ಬೆಳಗಾವಿಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸಾ ವಿಭಾಗವಿದೆ. ಬೆಂಗಳೂರು, ಮೈಸೂರುಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಸಂಶೋಧನೆಗೆ ಹಣ ಒದಗಿಸುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಿದೆ. ಬೇಕಾದದ್ದು ಇವುಗಳನ್ನು ಒಂದೇ ಪ್ರಶ್ನೆಗೆ ಜೋಡಿಸುವ ಇಚ್ಛಾಶಕ್ತಿ.

ಲೆಕ್ಕ ಬಹಳ ಜಟಿಲವೇನಲ್ಲ. ಶೇ 30ರಷ್ಟಿರುವ ಎಎಫ್ ಕಾಲು ಭಾಗ ತಗ್ಗುತ್ತದೆಯೇ ಎಂಬುದನ್ನು ನಂಬಿಕೆಗೆ ಅರ್ಹವಾಗಿ ತಿಳಿಯಲು ಎರಡೂ ಗುಂಪುಗಳು ಸೇರಿ ಸುಮಾರು 1,100 ರೋಗಿಗಳು ಬೇಕು. ಒಂದು ಆಸ್ಪತ್ರೆಗೆ ಇದು ಹಲವು ವರ್ಷಗಳ ಕೆಲಸ. ನಾಲ್ಕಾರು ಆಸ್ಪತ್ರೆಗಳು ಕೈಜೋಡಿಸಿದರೆ ಕೈಗೆಟುಕುವ ಗುರಿ. ಆದರೆ ಒಂದು ಅಂಶವನ್ನು ಬಿಡುವಂತಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಪ್ರತಿಯೊಬ್ಬ ರೋಗಿಯ ರಕ್ತದಲ್ಲಿ ವಿಟಮಿನ್ ‘ಸಿ’ ಎಷ್ಟಿದೆ ಎಂದು ಅಳೆಯಲೇಬೇಕು. ಕೊರತೆ ಇದ್ದವರಿಗೆ ಮಾತ್ರ ಫಲ ಸಿಗುತ್ತದೆಯೇ ಎಂಬುದೇ ಅಸಲು ಪ್ರಶ್ನೆ. ಅದನ್ನು ಅಳೆಯದೆ ನಡೆಸಿದರೆ ಈಗಿರುವ ಗೊಂದಲಕ್ಕೆ ಇನ್ನೊಂದು ಸೇರ್ಪಡೆಯಾದೀತು, ಅಷ್ಟೆ.

ಇದಕ್ಕೆ ಔಷಧ ಕಂಪನಿಗಳು ಮುಂದೆ ಬರುತ್ತವೆಂದು ನಿರೀಕ್ಷಿಸುವುದು ವ್ಯರ್ಥ. ವಿಟಮಿನ್ ‘ಸಿ’ಗೆ ಪೇಟೆಂಟ್ ಇಲ್ಲ, ಗೆದ್ದರೂ ಯಾರಿಗೂ ದೊಡ್ಡ ಲಾಭವಿಲ್ಲ. ಲಾಭವಾಗುವುದಾದರೆ ರೋಗಿಗೆ, ಮತ್ತು ಆತನ ಚಿಕಿತ್ಸೆಯ ಖರ್ಚು ಭರಿಸುವ ಸರ್ಕಾರಕ್ಕೆ. ಆದ್ದರಿಂದ ಕೇಳಬೇಕಾದವರೂ ಖರ್ಚು ಮಾಡಬೇಕಾದವರೂ ಸಾರ್ವಜನಿಕ ಸಂಸ್ಥೆಗಳೇ. ಉತ್ತರ ‘ಹೌದು’ ಎಂದಾದರೆ ಕೆಲವೇ ರೂಪಾಯಿಗಳಲ್ಲಿ ನಿಗಾ ಘಟಕದ ದಿನಗಳು ಉಳಿಯುತ್ತವೆ. ‘ಇಲ್ಲ’ ಎಂದಾದರೆ ಹುಸಿ ಭರವಸೆಯ ಮಾತ್ರೆಗಳಿಗೆ ಜನ ಸುರಿಯುವ ಹಣ ಉಳಿಯುತ್ತದೆ. ಎರಡೂ ಲಾಭವೇ.

ರೋಗಿಯ ಒಪ್ಪಿಗೆಯ ವಿಷಯದಲ್ಲೂ ಎಚ್ಚರ ಅಗತ್ಯ. ಖಾನಾಪುರ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ತನ್ನ ಮಾತಿನಲ್ಲಿ ಕೇಳಿ, ಮನೆಯವರೊಡನೆ ಯೋಚಿಸಿ, ಬೇಡವೆನ್ನುವ ಸ್ವಾತಂತ್ರ್ಯ ರೋಗಿಗೆ ಇರಬೇಕು.

ಪ್ರಯೋಗದ ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ವಾರಗಟ್ಟಲೆ ಮುಂಚಿನಿಂದಲೇ ತಂಬಾಕು ಬಿಡುವುದು, ವೈದ್ಯರ ಸಲಹೆಯಂತೆ ಪೇರಲೆ, ನೆಲ್ಲಿ, ನಿಂಬೆಯಂಥ ಹಣ್ಣುಗಳನ್ನು ಊಟದ ಭಾಗವಾಗಿಸುವುದು ಹೇಗಿದ್ದರೂ ಒಳ್ಳೆಯದೇ. ನೂರು ಗ್ರಾಂ ಪೇರಲೆಯಲ್ಲಿ 200 ಮಿಲಿಗ್ರಾಂಗೂ ಮಿಗಿಲಾದ ವಿಟಮಿನ್ ‘ಸಿ’ ಇರುತ್ತದೆ. ದಿನದ ಅಗತ್ಯಕ್ಕೆ ಅರ್ಧ ಹಣ್ಣು ಸಾಕು. ಇದು ಎಎಫ್ ತಡೆಯುತ್ತದೆ ಎಂಬ ಭರವಸೆಯಿಂದಲ್ಲ, ಕೊರತೆಯಿರುವ ದೇಹ ಶಸ್ತ್ರಚಿಕಿತ್ಸೆಗೆ ಹೋಗಬಾರದು ಎಂಬ ಕಾರಣಕ್ಕೆ. ಗಾಯ ಮಾಯಲು ಈ ವಿಟಮಿನ್ ಬೇಕೇ ಬೇಕು.

ಮನೆಗೆ ಮರಳಿದ ಮೇಲಿನ ಜವಾಬ್ದಾರಿ ಇನ್ನೂ ದೊಡ್ಡದು. ಆಸ್ಪತ್ರೆಯಲ್ಲಿ ಎಎಫ್ ಬಂದಿದ್ದವರಿಗೆ, ರಕ್ತಸ್ರಾವದ ಅಪಾಯವಿಲ್ಲದಿದ್ದರೆ, 60 ದಿನ ಹೆಪ್ಪು ತಡೆಯುವ ಔಷಧ ನೀಡಿ ಬಳಿಕ ಮರುಪರಿಶೀಲಿಸುವುದು ಸಮಂಜಸ ಎನ್ನುತ್ತದೆ 2023ರ ಮಾರ್ಗಸೂಚಿ. 30ರಿಂದ 60 ದಿನಗಳ ನಡುವೆ ಹೃದಯದ ಲಯವನ್ನು ಮತ್ತೊಮ್ಮೆ ಪರೀಕ್ಷಿಸಬೇಕೆಂದೂ ಅದು ಸೂಚಿಸುತ್ತದೆ. ಎದೆಯ ಗಾಯ ಮಾಯಿತೆಂದು ಔಷಧ ನಿಲ್ಲಿಸುವವರು, ಬಸ್ಸಿನ ಖರ್ಚಿಗೆ ಹೆದರಿ ಮರುತಪಾಸಣೆ ತಪ್ಪಿಸುವವರು ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ತಾಲ್ಲೂಕು ಮಟ್ಟದ ಈಸಿಜಿಯನ್ನು ದೂರದ ತಜ್ಞರು ಓದಿ ಹೇಳುವ ವ್ಯವಸ್ಥೆಯನ್ನು ಹೃದಯಾಘಾತಕ್ಕಾಗಿ ರೂಪಿಸಿದೆ. ಅದೇ ವ್ಯವಸ್ಥೆ ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರ ಲಯ ತಪಾಸಣೆಗೂ ಬಳಕೆಯಾದರೆ ಹೆಚ್ಚಿನ ಖರ್ಚಿಲ್ಲದೆ ಎಷ್ಟೋ ಪಾರ್ಶ್ವವಾಯುಗಳನ್ನು ತಪ್ಪಿಸಬಹುದು.

ಹಲಸಿಯ ರೋಗಿಗೆ ವಿಟಮಿನ್ ‘ಸಿ’ ಉಪಯೋಗಕ್ಕೆ ಬರುವುದೋ ಇಲ್ಲವೋ ಎಂಬುದನ್ನು ಅಮೆರಿಕದ ಆಸ್ಪತ್ರೆಯೂ ಹೇಳಲಾರದು, ಟೆಹರಾನಿನ ಆಸ್ಪತ್ರೆಯೂ ಹೇಳಲಾರದು. ಇಪ್ಪತ್ತು ವರ್ಷಗಳ ಹಿಂದೆ ಈ ಜಿಲ್ಲೆಯ ನರ್ಸಮ್ಮಂದಿರು ಮತ್ತು ತಾಯಂದಿರು ಸೇರಿ ಜಗತ್ತಿಗೆ ಒಂದು ಉತ್ತರ ಕೊಟ್ಟಿದ್ದರು. ಈ ಬಾರಿ ಪ್ರಶ್ನೆ ನಿಗಾ ಘಟಕದ ಹಾಸಿಗೆಯ ಪಕ್ಕದಲ್ಲಿದೆ. ಅದನ್ನು ಕೇಳುವ ಹೊಣೆ ರಾಜ್ಯದ ವೈದ್ಯಕೀಯ ಸಂಸ್ಥೆಗಳದು.